57 ಎಚ್ ಹಾಳೆಯೊಳಗಿನ ಮ್ಯಾನೇಜರ್

ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಎಲ್ಲಿ ನೌಕರಿ ಮಾಡುತ್ತಿದ್ದ ಎಂದು ಹುಡುಕಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಅವನ ಪರಿಚಯ ಬರೆದವರೆಲ್ಲ ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದ ಹಾಗೆ, ಬೆಂಗಳೂರಿನ ‘ಬ್ರಿಟಿಷ್ ಏರ್‌ಕ್ರಾಫ್ಟ್ ಫ್ಯಾಕ್ಟರಿ’ಯಲ್ಲಿ ಪ್ಲಾನಿಂಗ್ ವಿಭಾಗದ ಫ್ಯಾಕ್ಟರಿ ಮ್ಯಾನೇಜರ್ ಆಗಿದ್ದ ಎಂದೇ ಬರೆಯುತ್ತಾರೆ. ಆ ಕಾಲದ ಬೆಂಗಳೂರಿನ ಚರಿತ್ರೆಯಲ್ಲಿ ಕಾಣುವ ವಿಮಾನ ಕಾರ್ಖಾನೆ ಎಂದರೆ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಕಂಪನಿ ಅದು. 1942ರಲ್ಲಿ ಅದನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಮರುವರ್ಷ ಅಮೆರಿಕದ ಸೇನೆ ಬಂದು ಕೂತು ಯುದ್ಧವಿಮಾನಗಳ ರಿಪೇರಿ ಶುರುಮಾಡಿತು. ನಾವು ಎಚ್‌ಎಎಲ್ ಎನ್ನುವುದು ಇದನ್ನೇ. ಗುಜರಾತಿ ಬಂಡವಾಳ, ಮೈಸೂರಿನ ನೆಲ, ಅಮೆರಿಕದ ಮಿಲಿಟರಿ: ಇದರಲ್ಲಿ ‘ಬ್ರಿಟಿಷ್’ ಎನ್ನಲು ಉಳಿಯುವುದು ಆಳುವ ಸರ್ಕಾರವೊಂದೇ. ಪರಿಚಯ ಬರೆದವರು ಕಾರ್ಖಾನೆಯ ಗೇಟಿನವರೆಗೂ ಹೋಗಲಿಲ್ಲ ಎನ್ನುವುದಕ್ಕೆ ಈ ಒಂದು ಹೆಸರು ಸಾಕು. ಹೋಗದಿರುವುದೂ ಸಹಜವೇ. ಹುಲಿ ಹೊಡೆದವನ ಕತೆಯಲ್ಲಿ ಹಾಜರಿ ಪುಸ್ತಕ ಯಾರಿಗೆ ಬೇಕು?

ನನಗೆ ಬೇಕಿತ್ತು. ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡು ಆಂಡರ್ಸನ್‌ನ ಬರಹದಲ್ಲಿ ಅಷ್ಟು ಜಾಗ ಹಿಡಿದದ್ದು ಅವನು ರಜೆ ಹಾಕಿ ಹೋಗಬೇಕಾದ ಮನುಷ್ಯನಾಗಿದ್ದರಿಂದ ಎಂಬುದು ನನ್ನ ಗುಮಾನಿ. ಮೊದಲು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಹದಿನೈದು ವರ್ಷ, ಆಮೇಲೆ ವಿಮಾನ ಕಾರ್ಖಾನೆ. ಕುಮಾವೂನಿನ ಜಿಮ್ ಕಾರ್ಬೆಟ್‌ಗೆ ಕಾಡಿನ ಅಂಚೇ ಮನೆಯಾಗಿತ್ತು. ಇವನ ಮನೆ ಬೆಂಗಳೂರಿನಲ್ಲಿ. ಆರ್ಡರ್, ಕೋಷ್ಟಕ, ಗಡುವುಗಳ ನಡುವೆ ಬಿಡುವು ಸಿಕ್ಕಾಗ ಸ್ಟೂಡಿಬೇಕರ್ ಕಾರಿಗೆ .405 ವಿಂಚೆಸ್ಟರ್ ಕೋವಿ ಹಾಕಿಕೊಂಡು ಹೊರಡುವವನು.

ಈ ಗುಮಾನಿಯನ್ನು ಪರೀಕ್ಷಿಸಲು ಸರ್ವೆ ಆಫ್ ಇಂಡಿಯಾದ 57 ಎಚ್ ಹಾಳೆ ತೆಗೆದೆ. ಒಂದು ಇಂಚಿಗೆ ನಾಲ್ಕು ಮೈಲಿ ಲೆಕ್ಕದ ಹಳೆಯ ನಕ್ಷೆ. ಉತ್ತರ ಅಕ್ಷಾಂಶ 12ರಿಂದ 13 ಡಿಗ್ರಿ, ಪೂರ್ವ ರೇಖಾಂಶ 77ರಿಂದ 78 ಡಿಗ್ರಿಯ ಚೌಕ. ಬೆಂಗಳೂರು ಈ ಹಾಳೆಯ ಮೇಲಂಚಿನಲ್ಲೇ ಇದೆ. ಕೆಳಗಿಳಿದರೆ ಆನೇಕಲ್, ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿ. ಇನ್ನೂ ಕೆಳಗೆ ಪೆನ್ನಾಗರಂ, ಚಿನ್ನಾರ್ ಹೊಳೆ, ಅದು ಸೇರುವ ಕಾವೇರಿ. ಮನೆಯೂ ಆಫೀಸೂ ಕಾಡೂ ಒಂದೇ ಕಾಗದದ ಮೇಲಿವೆ. ಜವಳಗಿರಿಗೆ ಬೆಂಗಳೂರಿಂದ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರಿನ ಆಸುಪಾಸು. ಶನಿವಾರ ಮಧ್ಯಾಹ್ನ ಬಿಟ್ಟರೆ ಸಂಜೆಗೆ ಮುನ್ನ ತಲುಪಬಹುದು. (ಕೃಷ್ಣಗಿರಿ ಪಟ್ಟಣ ಮಾತ್ರ ಪಕ್ಕದ 57 ಎಲ್ ಹಾಳೆಗೆ ಜಾರಿಹೋಗಿದೆ, ಇಂದು ಹೊಸೂರು, ಡೆಂಕಣಿಕೋಟೆಗಳಿರುವ ಜಿಲ್ಲೆಗೆ ಹೆಸರು ಕೊಟ್ಟ ಊರೇ ಆಚೆ.) ಆಂಡರ್ಸನ್ ಶಿವಮೊಗ್ಗದ ಕಡೆಗೂ ಆಂಧ್ರದ ಚಾಮಲ ಕಣಿವೆಗೂ ಹೋಗಿದ್ದಾನೆ, ನಿಜ. ಆದರೆ ಮತ್ತೆ ಮತ್ತೆ ಮರಳಿದ್ದು ಈ ಹಾಳೆಯ ಕೆಳಭಾಗಕ್ಕೆ.

ಕಡತ ಹುಡುಕುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದು 2004ರಲ್ಲಿ, ಧರ್ಮಪುರಿಯಿಂದ ಒಡೆದು. ಧರ್ಮಪುರಿ 1965ರಲ್ಲಿ ಸೇಲಂನಿಂದ ಒಡೆದದ್ದು. ಆಂಡರ್ಸನ್ ತಿರುಗಾಡಿದ ಕಾಲಕ್ಕೆ ಇದೆಲ್ಲ ಮದ್ರಾಸಿನ ಸೇಲಂ ಜಿಲ್ಲೆ. ಹಾಗಾಗಿ ಚೆನ್ನೈನ ಎಗ್ಮೋರಿನಲ್ಲಿರುವ ದಾಖಲೆ ಭಂಡಾರದಲ್ಲಿ ‘ಕೃಷ್ಣಗಿರಿ’ ಎಂದು ಕೇಳಿದರೆ ಕೆಲಸ ಆಗುವುದಿಲ್ಲ, ಸೇಲಂ ಎಂದು ಕೇಳಬೇಕು. ಅದೂ ಸಾಲದು. 1792ರಲ್ಲಿ ಟಿಪ್ಪು ಘಟ್ಟದ ಕೆಳಗಿನ ಬಾರಾಮಹಲ್ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಘಟ್ಟದ ಮೇಲಿನ ಹೊಸೂರು ಸೀಮೆ ಅವನ ಕೈಯಲ್ಲೇ ಉಳಿಯಿತು. ಅದು ಇಂಗ್ಲಿಷರಿಗೆ ಸೇರಿದ್ದು 1799ರಲ್ಲಿ, ಅವನು ಸತ್ತ ಮೇಲೆ. ಮೈಸೂರಿನ ಜೊತೆ ಅಷ್ಟು ಕಾಲ ಇದ್ದ ನೆಲ, ಊರೂರಲ್ಲೂ ಕನ್ನಡ ಮನೆಗಳು. ಊರ ಹೆಸರುಗಳ ಸ್ಪೆಲ್ಲಿಂಗನ್ನು ಮದ್ರಾಸಿನ ಗುಮಾಸ್ತರು ಒಂದು ರೀತಿ, ಮೈಸೂರಿನವರು ಇನ್ನೊಂದು ರೀತಿ ಬರೆದಿಟ್ಟಿದ್ದಾರೆ.

ಈ ಗಡಿ ಗೊಂದಲಕ್ಕೆ ಗುಮ್ಮಳಾಪುರದ ಚಿರತೆಯದೇ ಒಳ್ಳೆಯ ಉದಾಹರಣೆ. ಆಂಡರ್ಸನ್‌ನ ಮೊದಲ ಪುಸ್ತಕ ಲಂಡನ್ನಿನ ಅಲೆನ್ ಅಂಡ್ ಅನ್ವಿನ್‌ನಿಂದ 1954ರಲ್ಲಿ ಬಂತು. ಅದರ ಮೊದಲ ಕತೆ ಜವಳಗಿರಿಯ ಹುಲಿ, ಎರಡನೆಯದು ಗುಮ್ಮಳಾಪುರದ ಚಿರತೆ. 42 ಜನರನ್ನು ತಿಂದ ಪ್ರಾಣಿ ಎಂದು ಅದರ ಖ್ಯಾತಿ. ನರಭಕ್ಷಕಗಳ ಪಟ್ಟಿ ಮಾಡುವವರು ಅದನ್ನು ಕರ್ನಾಟಕದ ಚಿರತೆ ಎಂದು ಕರೆದು ಮುಂದೆ ಹೋಗುತ್ತಾರೆ. ಗುಮ್ಮಳಾಪುರ ಇಂದು ತಮಿಳುನಾಡಿನ ತಳಿ ಪಂಚಾಯತ್ ಒಕ್ಕೂಟದಲ್ಲಿದೆ. ಕನ್ನಡ ಓದಿದವರಿಗೆ ಗುಮ್ಮಳಾಪುರ ಹೊಸ ಹೆಸರೂ ಅಲ್ಲ: ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರು ಗುಮ್ಮಳಾಪುರದ ಸಿದ್ಧಲಿಂಗ. ಅಲ್ಲಮನ ಮಾತುಗಳನ್ನು ಜೋಡಿಸಿದವರ ಊರಿಗೆ ಕೆಲವು ಶತಮಾನ ಕಳೆದ ಮೇಲೆ ಸೂರ್ಯ ಮುಳುಗುತ್ತಲೇ ಬಾಗಿಲು ಹಾಕಿಕೊಳ್ಳುವ ಗತಿ ಬಂತು. ನನಗೆ ಈ ಕತೆಯಲ್ಲಿ ಚಿರತೆಗಿಂತ ಹೆಚ್ಚು ನೆನಪುಳಿದದ್ದು ಒಂದು ಬೀದಿನಾಯಿ. ರಾತ್ರಿ ಆಂಡರ್ಸನ್‌ನ ಜೊತೆ ಕೂತು, ಚಿರತೆ ಹತ್ತಿರ ಬಂದದ್ದನ್ನು ಅವನಿಗಿಂತ ಮೊದಲೇ ಅರಿತು ಗುರುಗುಟ್ಟಿದ ನಾಯಿ. ಅವನು ಅದಕ್ಕೆ ನಿಪ್ಪರ್ ಎಂದು ಹೆಸರಿಟ್ಟು ಬೆಂಗಳೂರಿಗೆ ಕರೆತಂದ.

ಜವಳಗಿರಿಯ ಹೆಣ್ಣುಹುಲಿಯ ಕೊನೆ ಬೇರೆ ಥರದ್ದು. ಅದನ್ನು ಅವನು ಗಂಡುಹುಲಿಯ ಕೂಗು ಕೂಗಿ ಕರೆಸಿಕೊಂಡ. ಬೇಟೆಗಾರರು ಇದನ್ನು ಚಾಣಾಕ್ಷತನ ಎಂದು ಹೊಗಳುತ್ತಾರೆ. ನನಗೆ ಓದುವಾಗೆಲ್ಲ ಒಂದಿಷ್ಟು ಹೇಸಿಗೆ ಎನ್ನಿಸುತ್ತದೆ. ಆದರೆ ಜನ ಸಾಯುತ್ತಿದ್ದರು.

ಸರ್ಕಾರಿ ಲೆಕ್ಕ ಹೀಗಿದೆ: 1939ರಿಂದ 1966ರವರೆಗೆ ಅವನ ಹೆಸರಿನಲ್ಲಿ 8 ನರಭಕ್ಷಕ ಚಿರತೆ, 7 ನರಭಕ್ಷಕ ಹುಲಿ. ಹುಲಿಗಳಲ್ಲಿ ಗಂಡು 5, ಹೆಣ್ಣು 2. ದಂತಕತೆಯಲ್ಲಿ ಇದು ಎರಡು ಪಟ್ಟನ್ನೂ ಮೀರುತ್ತದೆ. ಎರಡರ ನಡುವಿನ ಅಂತರವನ್ನು ಬಡಾಯಿ ಎಂದು ತಳ್ಳಿಹಾಕುವವರಿದ್ದಾರೆ. ಅವನ ಕತೆಗಳಲ್ಲಿ ಬಣ್ಣ ಇಲ್ಲ ಎಂದು ನಾನೂ ಹೇಳುವುದಿಲ್ಲ. ಕತೆ ಹೇಳುವಷ್ಟು ಹೊತ್ತು ಅವನು ನಂಬಿಸುತ್ತಾನೆ, ಪುಸ್ತಕ ಮುಚ್ಚಿದ ಮೇಲೆ ಅನುಮಾನ ಬರುತ್ತದೆ. ಆದರೆ ದಾಖಲೆ ಎಂಬುದು ಹೇಗೆ ಹುಟ್ಟುತ್ತದೆ ಎಂದೂ ನೋಡಬೇಕು. ಸರ್ಕಾರ ನರಭಕ್ಷಕ ಎಂದು ಸಾರಿದ ಪ್ರಾಣಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗ. ಮೈಸೂರು ಒಂದು ಸರ್ಕಾರ, ಮದ್ರಾಸು ಇನ್ನೊಂದು. ಪ್ರಾಣಿ ರಾತ್ರಿ ಗಡಿಯ ಈಚೆ ಒಬ್ಬನನ್ನು ಹೊತ್ತೊಯ್ದರೆ, ವಾರ ಕಳೆದು ಆಚೆ. ಎರಡು ಕಚೇರಿಯೂ ಅರ್ಧರ್ಧ ಲೆಕ್ಕ ಹಿಡಿದು ಕೂತಿರುತ್ತವೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು ಹೈದರಾಬಾದಿನ ಬೊಲಾರಂನಲ್ಲಿ, ಆರು ತಲೆಮಾರಿನಿಂದ ಇಂಡಿಯಾದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನದಲ್ಲಿ. ಓದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ಸ್ ಕಾಲೇಜು. ಕಾನೂನು ಕಲಿಯಲು ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೆ ಬಿಟ್ಟು ಬಂದ. ಕನ್ನಡವನ್ನೂ ತಮಿಳನ್ನೂ ಮಾತಾಡುತ್ತಿದ್ದ. ಈ ಗಡಿಸೀಮೆಯಲ್ಲಿ ಅದಿಲ್ಲದೆ ಒಂದು ಹಳ್ಳಿಯಲ್ಲೂ ಸುದ್ದಿ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲೇ 1974ರ ಆಗಸ್ಟ್ 30ರಂದು ಕ್ಯಾನ್ಸರಿನಿಂದ ತೀರಿಕೊಂಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎರಡು ವರ್ಷವಾಗಿತ್ತು. ಕೊನೆಯ ಪುಸ್ತಕ ಅಚ್ಚಾದದ್ದು ಅವನು ಸತ್ತ ಮೇಲೆ. ಕನ್ನಡದಲ್ಲಿ ಅವನಿಗೆ ಎರಡನೆಯ ಬದುಕು ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ‘ಕಾಡಿನ ಕತೆಗಳು’ ಎಂಬ ನಾಲ್ಕು ಭಾಗಗಳನ್ನು ಓದಿದ ಅದೆಷ್ಟೋ ಮಂದಿಗೆ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದವನು ಎಂಬುದೇ ತಡವಾಗಿ ಹೊಳೆದದ್ದು.

ಅವನು ತಿರುಗಿದ ಕಾಡಿನ ಬಹುಪಾಲು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮವಾಯಿತು, 504 ಚದರ ಕಿಲೋಮೀಟರ್. 2022ರಲ್ಲಿ ಅದಕ್ಕೆ ತಗುಲಿಕೊಂಡು ಕಾವೇರಿ ದಕ್ಷಿಣ, 686 ಚದರ ಕಿಲೋಮೀಟರ್. ಹೊಸೂರಿನ ಕಾರ್ಖಾನೆಗಳಲ್ಲಿ ಇವತ್ತು ಪ್ಲಾನಿಂಗ್ ನೋಡುವ ಮ್ಯಾನೇಜರುಗಳು ವಾರಾಂತ್ಯಕ್ಕೆ ಅದೇ ದಿಕ್ಕಿಗೆ ಹೊರಡುತ್ತಾರೆ, ಕೋವಿಯ ಬದಲು ಕ್ಯಾಮೆರಾ ಹಿಡಿದು. ಆಂಡರ್ಸನ್ ಕೂಡ ಕಡೆಕಡೆಗೆ ಹಾಗೇ ಆಗಿದ್ದ.

ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಕಾಡಿದವನು ಇವನಲ್ಲ, ಬೈರ. ಚಿನ್ನಾರ್ ಹೊಳೆಯ ದಡದಲ್ಲಿ ಗವಿ ತೋಡಿಕೊಂಡು ಬದುಕಿದ, ಪೂಜಾರಿ ಎಂಬ ಕಾಡುಬುಡಕಟ್ಟಿನವನು. ಹೆಜ್ಜೆ ಓದುವುದನ್ನು, ಗಾಳಿ ನೋಡಿ ಕೂರುವುದನ್ನು ಕಾರ್ಖಾನೆಯ ಮ್ಯಾನೇಜರಿಗೆ ಕಲಿಸಿದವರಲ್ಲಿ ಇವನು ಮುಖ್ಯ. ಆಂಡರ್ಸನ್ ತನ್ನ ಮೊದಲ ಪುಸ್ತಕದಲ್ಲೇ ಬೈರನ ಹೆಸರಿನಲ್ಲಿ ಒಂದು ಇಡೀ ಅಧ್ಯಾಯ ಬರೆದ. ನರಭಕ್ಷಕಗಳ ಸರ್ಕಾರಿ ಪಟ್ಟಿಯಲ್ಲಿ ಕೋವಿ ಹಿಡಿದವನ ಹೆಸರಿಗಷ್ಟೇ ಕಾಲಂ ಇದೆ, ಹೆಜ್ಜೆ ತೋರಿಸಿದವನಿಗಿಲ್ಲ. ಆದರೆ ಇಬ್ಬರೂ ಮೊದಲು ಎದುರಾದಾಗ ಬೈರ ಕಳ್ಳಬೇಟೆಯಲ್ಲಿದ್ದ. ಅಂಥವರ ಹೆಸರನ್ನು ತಂದೆಯ ಹೆಸರು, ಊರಿನ ಸಮೇತ ಸರ್ಕಾರ ಬರೆದಿಡುತ್ತಿದ್ದ ಪುಸ್ತಕ ಬೇರೆಯೇ ಇದೆ: ಅರಣ್ಯ ಇಲಾಖೆಯ ಅಪರಾಧ ರಿಜಿಸ್ಟರು. ಮುಂದಿನ ಸಲ ಸೇಲಂ ಜಿಲ್ಲೆಯ ಕಡತ ಕೇಳುವಾಗ ಚೀಟಿಯಲ್ಲಿ ನಾನು ಬರೆಯುವುದು ಅದನ್ನು, ಪೆನ್ನಾಗರಂ ಕಡೆಯದು.