‘ನಿತ್ಯೋತ್ಸವ’ದ ವ್ಯಾಕರಣ

ಮೈಸೂರು ದಸರೆಯನ್ನು ನಾವು ನಾಡಹಬ್ಬ ಎನ್ನುತ್ತೇವೆ. 2017ರಲ್ಲಿ ಚಾಮುಂಡಿಬೆಟ್ಟದಲ್ಲಿ ಅದನ್ನು ಉದ್ಘಾಟಿಸಿದವರು ಕವಿ ಕೆ.ಎಸ್. ನಿಸಾರ್ ಅಹಮದ್. 2025ರಲ್ಲಿ ಅದೇ ಗೌರವ ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಸಂದಾಗ ಮಾತ್ರ ಆಕ್ಷೇಪಗಳೆದ್ದವು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅರ್ಜಿ ವಜಾ ಆಯಿತು, ಉದ್ಘಾಟನೆಯೂ ನಡೆಯಿತು. ಆದರೆ ‘ಈ ಉತ್ಸವ ಯಾರದು?’ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ನಿಸಾರರ ‘ನಿತ್ಯೋತ್ಸವ’ ಕವಿತೆಯನ್ನು ಈ ಪ್ರಶ್ನೆಯ ಎದುರಿಟ್ಟು ಓದಬೇಕಾಗಿದೆ.

‘ನಿತ್ಯೋತ್ಸವ’ ಸಂಕಲನ ಬಂದದ್ದು 1976ರಲ್ಲಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯ ಧ್ವನಿಸುರುಳಿ ಬಂದಮೇಲೆ ಆ ಗೀತೆ ಮನೆಮಾತಾಯಿತು. ಹಾಡಾಗಿ ಇಷ್ಟು ಪರಿಚಿತವಾದ ಕವಿತೆಯ ರಚನೆಯತ್ತ ಗಮನ ಹರಿಯುವುದು ಕಡಿಮೆ.

ಕವಿತೆಗೆ ಮೂರು ನುಡಿಗಳು. ನಡೆ ಬಹುಪಾಲು ಆರು ಮಾತ್ರೆಗಳದು. ಮೊದಲ ನುಡಿಯಲ್ಲಿ ನಿಸರ್ಗವಿದೆ: ಜೋಗ, ತುಂಗೆ, ಸಹ್ಯಾದ್ರಿ, ಕಾಡಿನ ಮರಗಳು. ಎರಡನೆಯದರಲ್ಲಿ ಚರಿತ್ರೆಯಿದೆ: ಸಿಂಹಾಸನ, ಶಾಸನ, ಓಲೆಗರಿ, ದೇಗುಲದ ಗೋಡೆ. ಇವೆರಡರಲ್ಲೂ ಸಾಲುಗಳು ಸಪ್ತಮಿ ವಿಭಕ್ತಿಯತ್ತ ವಾಲುತ್ತವೆ. ಉತ್ಸವ ಎಲ್ಲೆಲ್ಲಿದೆ ಎಂದು ತೋರಿಸುತ್ತವೆ. ಮೂರನೆಯ ನುಡಿಯಲ್ಲಿ ಸಪ್ತಮಿ ಹೋಗಿ ಸಂಬೋಧನೆ ಬರುತ್ತದೆ. ಕುಲವೆಣಿಸದ ಹಿರಿಮೆಯನ್ನು, ಮತ್ಸರವಿಲ್ಲದ ಮನಸ್ಸಿನ ಔದಾರ್ಯವನ್ನು ಕವಿ ನೇರವಾಗಿ ಕರೆಯುತ್ತಾರೆ. ನೆಲ ಮತ್ತು ಚರಿತ್ರೆಯನ್ನು ದಾಟಿ ಬಂದಮೇಲೆ, ತಾಯಿ ಎಂದರೆ ಒಂದು ಗುಣ ಎಂದು ತಿಳಿಯುತ್ತದೆ. ಆ ಗುಣವಿಲ್ಲದಿದ್ದರೆ ಮೊದಲೆರಡು ನುಡಿಗಳು ಬರೀ ಪಟ್ಟಿ. ಪ್ರತಿ ನುಡಿಯನ್ನೂ ಒಂದೇ ಪಲ್ಲವಿ ಮುಗಿಸುತ್ತದೆ. ಉರ್ದು ನಝ್ಮ್ ಓದಿ ಬೆಳೆದವರಿಗೂ ಈ ಮರುಕಳಿಕೆ ಹೊಸತಲ್ಲ.

ಇನ್ನೊಂದು ವಿಶೇಷವಿದೆ. ಇಡೀ ಕವಿತೆಯಲ್ಲಿ ವಾಕ್ಯವನ್ನು ಪೂರ್ಣಗೊಳಿಸುವ ಕ್ರಿಯಾಪದ ಒಂದೂ ಇಲ್ಲ. ‘ನಾನು’, ‘ನಾವು’ ಎಂಬ ಕರ್ತೃಪದವೂ ಇಲ್ಲ. ಉತ್ಸವ ತಾಯಿಗೆ ಸಲ್ಲುತ್ತದೆ ನಿಜ, ಆದರೆ ಅದನ್ನು ಮಾಡುವವರು ಯಾರೆಂದು ಕವಿ ಹೇಳುವುದಿಲ್ಲ. ಹತ್ತು ದಿನದ ದಸರೆಗೆ ಆಹ್ವಾನ ಪತ್ರಿಕೆ ಬೇಕು, ಉದ್ಘಾಟಕರು ಬೇಕು. ನಿತ್ಯದ ಉತ್ಸವದಲ್ಲಿ ಕರೆಯುವವರೂ ಇಲ್ಲ, ತಡೆಯುವವರೂ ಇಲ್ಲ.

ಕವಿತೆಯಲ್ಲಿ ದೇಗುಲವಿದೆ, ಗೋಲಗುಮ್ಮಟವೇಕಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಿಸಾರರು ತಮ್ಮ ಪಾಲಿಗೆಂದು ಬೇರೆ ಕೋಣೆ ಕೇಳಲಿಲ್ಲ. ಶಾಸನ, ಓಲೆಗರಿ, ದೇಗುಲದ ಗೋಡೆ ಎಲ್ಲವೂ ತಮ್ಮ ಪಿತ್ರಾರ್ಜಿತವೆಂಬಂತೆ ಬರೆದರು. ಇದನ್ನು ಶರಣಾಗತಿ ಎನ್ನುವವರಿಗೆ ಅದರ ಧ್ವನಿ ಕೇಳಿಸಿಲ್ಲ. ಅಪ್ಪಣೆ ಬೇಡುವವನು ಹೀಗೆ ಹಾಡುವುದಿಲ್ಲ, ಮನೆಯ ಮಗ ಹಾಡುತ್ತಾನೆ.

ನವೆಂಬರ್ ಬಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳು ಈ ಗೀತೆಯನ್ನು ಹಾಡುತ್ತಾರೆ. ರಾಗದ ಜೊತೆಗೆ ಅದರ ಮೂರನೆಯ ನುಡಿಯ ಅರ್ಥವನ್ನೂ ಮೇಷ್ಟ್ರುಗಳು ಬಿಡಿಸಿ ಹೇಳಲಿ.