ಸಿಮ್ಯುಲೇಟರಿನ ಸ್ಮೃತಿದೋಷ

ಹೊಸ ಪ್ರೊಸೆಸರನ್ನು ಸಿಲಿಕಾನಿನಲ್ಲಿ ರೂಪಿಸುವ ಮುನ್ನ ಅದರ ವರ್ತನೆಯನ್ನು ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ನಡೆಸಿ ನೋಡುತ್ತಾರೆ. ಆ ಸಿಮ್ಯುಲೇಟರೇ ತಪ್ಪಾಗಿದ್ದರೆ? ವೋಲ್ಟ್‌ಮೀಟರಿನ ಶೂನ್ಯದೋಷ ಗಮನಿಸದೆ ಅಳತೆ ಬರೆದುಕೊಂಡ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ; ಗಣಕ ವಿನ್ಯಾಸಕರ ಕಷ್ಟವೂ ಇದೇ.

1980ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ‘ಸ್ಪರ್’ ಎಂಬ ಬಹುಪ್ರೊಸೆಸರ್ ಗಣಕ ಸಿದ್ಧವಾಗುತ್ತಿತ್ತು. ಪ್ರತಿ ಪ್ರೊಸೆಸರಿಗೂ ಕ್ಯಾಶ್ ಎಂಬ ಪುಟ್ಟ, ಚುರುಕಾದ ಸ್ಮೃತಿ. ಮುಖ್ಯ ಸ್ಮೃತಿಯ ಮಾಹಿತಿಯ ನಕಲು ಅದರಲ್ಲಿರುತ್ತದೆ. ಒಂದು ಪ್ರೊಸೆಸರ್ ತನ್ನ ನಕಲನ್ನು ತಿದ್ದಿದರೆ ಉಳಿದವುಗಳ ಹಳೆಯ ನಕಲು ರದ್ದಾಗಬೇಕು. ಎರಡು ಪ್ರೊಸೆಸರುಗಳು ಒಮ್ಮೆಲೇ ತಿದ್ದಹೊರಟರೆ? ರದ್ದತಿಯ ಸಂದೇಶ ದಾರಿಯಲ್ಲಿರುವಾಗಲೇ ಮೂರನೆಯದು ಓದಿದರೆ? ಇಂಥ ಸಂದರ್ಭಗಳಿಗೆ ಲೆಕ್ಕವಿಲ್ಲ. ವಿನ್ಯಾಸಕನಿಗೆ ಹೊಳೆಯದ ಸಂದರ್ಭ ಅವನೇ ಬರೆಯುವ ಪರೀಕ್ಷೆಯಲ್ಲೂ ಬಿಟ್ಟುಹೋಗುತ್ತದೆ.

ಡೇವಿಡ್ ವುಡ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಸ್ ಇವರು ಸಿಮ್ಯುಲೇಷನ್ನಿನಿಂದ ಪ್ರೊಸೆಸರಿನ ಮಾದರಿಯನ್ನೇ ತೆಗೆದು, ಅಲ್ಲಿ ಯಾದೃಚ್ಛಿಕ ಪರೀಕ್ಷಕವೊಂದನ್ನು ಇಟ್ಟರು. ಅದು ಮಾಡುವುದು ಎರಡೇ: ಒಂದು ಕ್ರಿಯೆ, ಅದಕ್ಕೊಂದು ತಾಳೆ. ಒಂದೆಡೆಯಿಂದ ಒಂದು ಮೌಲ್ಯ ಬರೆಯುವುದು, ಬಳಿಕ ಇನ್ನೊಂದೆಡೆಯಿಂದ ಅದನ್ನೇ ಓದುವುದು. ಬರಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ ತಪ್ಪು ಸಿಕ್ಕಿಬೀಳುತ್ತದೆ. ಸಿಮ್ಯುಲೇಷನ್ನಿನಲ್ಲಿ ಕಂಡ ಕಾರ್ಯದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಸರಳ ಉಪಾಯವೇ ಹಿಡಿಯಿತೆಂದು ಅವರು 1990ರಲ್ಲಿ ವರದಿ ಮಾಡಿದರು. ಅದರ ಅಸೆಂಬ್ಲಿ ಭಾಷೆಯ ರೂಪ ನಿಜಯಂತ್ರವನ್ನೂ ಪರೀಕ್ಷಿಸಿತು.

ವುಡ್ ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ತಂಡ 2005ರಲ್ಲಿ ವಿವರಿಸಿದ ‘ಜೆಮ್ಸ್’ ಸಿಮ್ಯುಲೇಟರಿನ ಸ್ಮೃತಿಭಾಗದ ಹೆಸರು ‘ರೂಬಿ’. ಮಿಷಿಗನ್‌ನ ‘ಎಂ5’ ಜೊತೆ ಸೇರಿ ಅದು 2011ರಲ್ಲಿ ‘ಜೆಮ್5’ ಆಯಿತು. ಹಳೆಯ ಉಪಾಯ ಇಲ್ಲಿಯೂ ಇದೆ. ರೂಬಿಯ ಪರೀಕ್ಷಕ ಅಕ್ಕಪಕ್ಕದ ನಾಲ್ಕು ಬೈಟುಗಳನ್ನು ಯಾವ ಯಾವುದೋ ಪ್ರೊಸೆಸರಿನ ಹೆಸರಿನಲ್ಲಿ ಬರೆಸಿ, ಮತ್ತೊಂದರಿಂದ ಓದಿಸುತ್ತದೆ; ಗೊಂದಲ ಹೆಚ್ಚಲೆಂದು ಸಂದೇಶಗಳನ್ನು ಮನಬಂದಂತೆ ತಡಮಾಡಿಸಲೂಬಹುದು. ಉತ್ತರ ಬಹಳ ಹೊತ್ತು ಬಾರದಿದ್ದರೆ, ಎಲ್ಲೋ ಪರಸ್ಪರ ಕಾಯುತ್ತ ಕುಳಿತಿವೆ ಎಂದರ್ಥ. ಯಾದೃಚ್ಛಿಕವೆಂದರೂ ಸಂಖ್ಯೆಗಳು ಹುಟ್ಟುವುದು ಒಂದು ಬೀಜಸಂಖ್ಯೆಯಿಂದ. ಅದೇ ಬೀಜ ಕೊಟ್ಟರೆ ಅದೇ ತಪ್ಪು ಮರಳಿ ಬರುತ್ತದೆ. ದೋಷ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ!

2016ರಲ್ಲಿ ಎಡಿನ್‌ಬರೋದ ಮಾರ್ಕೊ ಎಲ್ವರ್ ಮತ್ತು ವಿಜಯ್ ನಾಗರಾಜನ್, ಪ್ರೊಸೆಸರನ್ನೂ ಒಳಗಿಟ್ಟುಕೊಂಡು ಇಡೀ ವ್ಯವಸ್ಥೆಯನ್ನು ಪರೀಕ್ಷಿಸಿದರು. ಅದುವರೆಗೆ ಯಾರಿಗೂ ತಿಳಿಯದಿದ್ದ ಎರಡು ದೋಷಗಳು ಜೆಮ್5ನಲ್ಲಿ ಸಿಕ್ಕವು. ಅವೆರಡೂ ಇದ್ದದ್ದು ಪ್ರೊಸೆಸರಿನ ಪೈಪ್‌ಲೈನ್ ಮತ್ತು ಕ್ಯಾಶ್ ನಿಯಮಗಳು ಸಂಧಿಸುವಲ್ಲಿ. ಪ್ರೊಸೆಸರನ್ನು ತೆಗೆದಿಟ್ಟು ಮಾಡುವ ಪರೀಕ್ಷೆಗೆ ಆ ಜಾಗ ಕಾಣುವುದೇ ಇಲ್ಲ.