ಪ್ಲಾಸ್ಮಾದ ಒಂದು ಪ್ರೋಟೀನು ಮತ್ತು ಹೆಪ್ಪುಗಟ್ಟುವ ರಕ್ತ

ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬುದು ಯಕೃತ್ತಿನಲ್ಲಿ ತಯಾರಾಗಿ ರಕ್ತದ ಪ್ಲಾಸ್ಮಾಕ್ಕೆ ಸೇರುವ ಪ್ರೋಟೀನು. 326 ಅಮೈನೊ ಆಮ್ಲಗಳ ಈ ಸರಪಳಿ ಐದು ಖಂಡಗಳಾಗಿ ಮಡಚಿಕೊಂಡಿರುತ್ತದೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇದರ ಪ್ರಮಾಣ ಸುಮಾರು 200 ಮೈಕ್ರೊಗ್ರಾಂ. ಅಷ್ಟೇನೂ ಅಪರೂಪದ ವಸ್ತುವಲ್ಲ. 1961ರಲ್ಲಿ ಜರ್ಮನಿಯ ಶುಲ್ಟ್ಸೆ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದಾಗ ಇದು ಮಾಡುವ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. 1968ರಲ್ಲಿ ಈ ಪ್ರೋಟೀನಿನ ಕೊರತೆಯುಳ್ಳವರೂ ಸಿಕ್ಕರು, ಆದರೆ ಅದರಿಂದ ಅವರಿಗೆ ಹೇಳಿಕೊಳ್ಳುವಂಥ ಕಾಯಿಲೆಯೇನೂ ಬಂದಿರಲಿಲ್ಲ. ಇಲ್ಲದಿದ್ದರೂ ನಡೆಯುವ ಈ ಪ್ರೋಟೀನಿನ ಮೇಲೆ ದೇಹ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡರೆ ಮಾತ್ರ ಅಪಾಯ. ಕಾಲಿನ ಅಭಿಧಮನಿ, ಶ್ವಾಸಕೋಶ, ಮಿದುಳು ಹೀಗೆ ಎಲ್ಲೆಂದರಲ್ಲಿ ರಕ್ತ ಹೆಪ್ಪುಗಟ್ಟಬಹುದು. ಗರ್ಭಗಳು ಮೇಲಿಂದ ಮೇಲೆ ನಿಲ್ಲದೆ ಹೋಗಬಹುದು. ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂದು ಕರೆಯುವ ಕಾಯಿಲೆ ಇದೇ.

ಈ ಕಾಯಿಲೆಯ ಚರಿತ್ರೆ ಶುರುವಾಗುವುದು ಸಿಫಿಲಿಸ್ ಪರೀಕ್ಷೆಯಿಂದ. 1906ರ ವಾಸರ್‌ಮನ್ ಪರೀಕ್ಷೆಯಲ್ಲಿ ರೋಗಿಯ ರಕ್ತದ ಪ್ರತಿಕಾಯಗಳು ಅಂಗಾಂಶದ ಸಾರಕ್ಕೆ ಅಂಟಿಕೊಳ್ಳುತ್ತಿದ್ದವು. ಆ ಸಾರದಲ್ಲಿದ್ದ ಕೊಬ್ಬಿನಂಥ ವಸ್ತುವನ್ನು 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ದನದ ಹೃದಯದಿಂದ ಬೇರ್ಪಡಿಸಿ ಕಾರ್ಡಿಯೊಲಿಪಿನ್ ಎಂದು ಹೆಸರಿಟ್ಟರು. ಗರ್ಭಿಣಿಯರಿಗೆ ಇಂದಿಗೂ ಮಾಡುವ ವಿಡಿಆರ್‌ಎಲ್ ಪರೀಕ್ಷೆಯ ಮೂಲ ಸಾಮಗ್ರಿಯೂ ಇದೇ. ಸಿಫಿಲಿಸ್ ಇಲ್ಲದವರಲ್ಲೂ ಈ ಪರೀಕ್ಷೆ ಪಾಸಿಟಿವ್ ಬರುವುದುಂಟು, ಅಂಥವರಲ್ಲಿ ಲೂಪಸ್ ಎಂಬ ಸ್ವಯಂನಿರೋಧಕ ಕಾಯಿಲೆಯ ರೋಗಿಗಳು ಹೆಚ್ಚು. ಒಂದು ಹಾಳೆಯ ವರದಿಯಿಂದ ಮನೆಯಲ್ಲಿ ಸಂಶಯ, ಜಗಳ ಹುಟ್ಟುವ ಮೊದಲು ಟಿಪಿಎಚ್‌ಎಯಂಥ ಖಚಿತ ಪರೀಕ್ಷೆ ಮಾಡಿಸಬೇಕಾದದ್ದು ಇದೇ ಕಾರಣಕ್ಕೆ.

1952ರಲ್ಲಿ ಅಮೆರಿಕದ ಕಾನ್ಲಿ ಮತ್ತು ಹಾರ್ಟ್‌ಮನ್ ಲೂಪಸ್ ರೋಗಿಗಳಲ್ಲಿ ಇನ್ನೊಂದು ವಿಚಿತ್ರ ಕಂಡರು: ಪರೀಕ್ಷಾ ನಳಿಕೆಯಲ್ಲಿ ಅವರ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಹಾಗಿದ್ದ ಮೇಲೆ ರಕ್ತಸ್ರಾವ ಆಗಬೇಕಿತ್ತು. 1963ರಲ್ಲಿ ಬೋವಿ ಮತ್ತು ಸಂಗಡಿಗರು ವರದಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಇಂಥವರ ದೇಹದೊಳಗೆ ಹೆಪ್ಪುಗಳೇ ಕಾಣುತ್ತಿದ್ದವು. ನಳಿಕೆಯಲ್ಲಿ ಒಂದು, ನಾಳದಲ್ಲಿ ಇನ್ನೊಂದು ಎಂಬ ಈ ಒಗಟು ಬಹುಕಾಲ ಹಾಗೇ ಉಳಿಯಿತು. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್, ನೈಜೆಲ್ ಹ್ಯಾರಿಸ್ ಮತ್ತು ಅಜೀಜ್ ಗರಾವಿ ಕಾರ್ಡಿಯೊಲಿಪಿನ್ ವಿರುದ್ಧದ ಪ್ರತಿಕಾಯಗಳನ್ನು ಸೂಕ್ಷ್ಮವಾಗಿ ಅಳೆಯುವ ವಿಧಾನ ರೂಪಿಸಿದರು. ಹೆಪ್ಪು, ಗರ್ಭಪಾತ, ಪ್ರತಿಕಾಯ ಮೂರೂ ಒಂದೇ ಕಾಯಿಲೆಯ ಮುಖಗಳೆಂದು ಗುರುತಿಸಿದ್ದು ಆಗ.

ಆದರೂ ಗುರಿ ತಪ್ಪಿತ್ತು. ಪ್ರತಿಕಾಯಗಳು ಕೊಬ್ಬನ್ನೇ ಹಿಡಿಯುತ್ತವೆ ಎಂದು ಎಲ್ಲರೂ ನಂಬಿದ್ದರು. 1990ರಲ್ಲಿ ಆಸ್ಟ್ರೇಲಿಯ, ನೆದರ್‌ಲ್ಯಾಂಡ್ಸ್, ಜಪಾನ್‌ಗಳ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ನಿರ್ಣಯಕ್ಕೆ ಬಂದವು: ಶುದ್ಧಗೊಳಿಸಿದ ಪ್ರತಿಕಾಯ ಶುದ್ಧ ಕಾರ್ಡಿಯೊಲಿಪಿನ್‌ಗೆ ಅಂಟುವುದಿಲ್ಲ, ನಡುವೆ ಬೀಟಾ-2 ಗ್ಲೈಕೊಪ್ರೋಟೀನ್ ಬೇಕು. ಅದುವರೆಗಿನ ಪರೀಕ್ಷೆಗಳಲ್ಲಿ ಬಳಸುತ್ತಿದ್ದ ದನದ ಸೀರಮ್ಮೇ ಯಾರ ಗಮನಕ್ಕೂ ಬಾರದೆ ಆ ಪ್ರೋಟೀನನ್ನು ಒದಗಿಸುತ್ತಿತ್ತು. ಸಿಫಿಲಿಸ್ ರೋಗಿಗಳ ಪ್ರತಿಕಾಯಗಳಿಗೆ ಮಾತ್ರ ಈ ಮಧ್ಯವರ್ತಿ ಬೇಡ. ಎರಡು ಕಾಯಿಲೆಗಳ ಪ್ರತಿಕಾಯಗಳನ್ನು ಬೇರೆ ಮಾಡಿ ತೋರಿಸಿದ ಈ ಸಂಶೋಧನೆಯೇ ಇಡೀ ಕ್ಷೇತ್ರದ ದೊಡ್ಡ ತಿರುವು.

ಮುಂದಿನ ಕೆಲಸವೆಲ್ಲ ಪ್ರೋಟೀನಿನ ಆಕಾರದ ಸುತ್ತ ನಡೆಯಿತು. 1999ರಲ್ಲಿ ಪ್ರಕಟವಾದ ಹರಳು ರಚನೆಯಲ್ಲಿ ಅದು ಮೀನು ಹಿಡಿಯುವ ಗಾಳದಂತೆ ಬಾಗಿತ್ತು. ತುದಿಯ ಐದನೇ ಖಂಡ ಧನ ವಿದ್ಯುದಂಶದಿಂದ ಕೂಡಿದ್ದು, ಋಣ ವಿದ್ಯುದಂಶದ ಜೀವಕೋಶದ ಪೊರೆಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯ ಮೊದಲ ಖಂಡ, ಅಪಾಯಕಾರಿ ಪ್ರತಿಕಾಯಗಳ ಮುಖ್ಯ ಗುರಿ. 2010ರಲ್ಲಿ ಡಚ್ ಸಂಶೋಧಕರು, ರಕ್ತದಲ್ಲಿ ಈ ಪ್ರೋಟೀನು ಉಂಗುರದಂತೆ ಮುಚ್ಚಿಕೊಂಡಿರುತ್ತದೆ, ಪೊರೆಗೆ ಅಂಟಿದಾಗ ತೆರೆದು ಮೊದಲ ಖಂಡವನ್ನು ಪ್ರತಿಕಾಯಕ್ಕೆ ಒಡ್ಡುತ್ತದೆ ಎಂದರು. ಓದಲು ಚೆಂದದ ವಿವರಣೆ. ಆದರೆ ದ್ರಾವಣದಲ್ಲೂ ಅದು ಬಹುಪಾಲು ಉದ್ದವಾಗಿ ಚಾಚಿಕೊಂಡೇ ಇರುತ್ತದೆಂದು ತೋರಿಸಿದ ನಂತರದ ಅಧ್ಯಯನಗಳು ಇದನ್ನು ಪ್ರಶ್ನಿಸಿವೆ.

ಒಂಟಿ ಅಣುವಾಗಿ ಈ ಪ್ರೋಟೀನು ಪೊರೆಯನ್ನು ಹಿಡಿಯುವುದು ಸಡಿಲವಾಗಿ. ಒಂದು ಪ್ರತಿಕಾಯ ಎರಡು ಅಣುಗಳನ್ನು ಜೋಡಿಸಿದಾಗ ಪಟ್ಟು ಬಿಗಿಯಾಗುತ್ತದೆ. ಹಳೆಯ ಒಗಟು ಬಿಡಿಸಿಕೊಂಡದ್ದು ಇಲ್ಲಿ. ನಳಿಕೆಯಲ್ಲಿ ಈ ಜೋಡಿಗಳು ಹೆಪ್ಪುಗಟ್ಟುವ ಕ್ರಿಯೆಗೆ ಬೇಕಾದ ಫಾಸ್ಫೊಲಿಪಿಡ್ ಮೇಲ್ಮೈಯನ್ನೇ ಆಕ್ರಮಿಸಿಕೊಂಡು ತಡಮಾಡುತ್ತವೆ. ದೇಹದಲ್ಲಿ ನಾಳದ ಒಳಪದರ, ಪ್ಲೇಟ್‌ಲೆಟ್, ಬಿಳಿ ರಕ್ತಕಣಗಳನ್ನು ಕೆಣಕಿ ಹೆಪ್ಪಿಗೆ ಕುಮ್ಮಕ್ಕು ಕೊಡುತ್ತವೆ. ಆದರೂ ಪ್ರತಿಕಾಯ ಇದ್ದವರಿಗೆಲ್ಲ ಹೆಪ್ಪುಗಟ್ಟುವುದಿಲ್ಲ. ಸೋಂಕು, ಶಸ್ತ್ರಚಿಕಿತ್ಸೆ, ಹೆರಿಗೆಯಂಥ ಎರಡನೆಯ ಪೆಟ್ಟೊಂದು ಬೇಕೆಂಬುದು ಈಗಿನ ತಿಳಿವಳಿಕೆ.

ಹೆರಿಗೆಯ ಮಾತು ಕರ್ನಾಟಕಕ್ಕೆ ಹತ್ತಿರದ್ದು. ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಅಭ್ಯಾಸ ಮಾಡಿದೆ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ, ರಕ್ತಹೀನತೆ ಇವುಗಳ ಜತೆಗೆ ರಕ್ತದೊಳಗಿನ ಕಾರಣಗಳನ್ನೂ ಅಲ್ಲಿ ಹುಡುಕಿದರು. ರೀಟಾ ಕ್ರಿಸ್ಟೋಫರ್, ಡಿ. ನಾಗರಾಜ ಮತ್ತು ಸಂಗಡಿಗರು ಇಂಥ ಮಿದುಳಿನ ಹೆಪ್ಪಿನ ರೋಗಿಗಳಲ್ಲಿ ಕಾರ್ಡಿಯೊಲಿಪಿನ್ ಪ್ರತಿಕಾಯಗಳನ್ನು ಪರೀಕ್ಷಿಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು.

ಕಾಯಿಲೆಯನ್ನು ಗುರುತಿಸುವ ಮಾನದಂಡಗಳು 1998ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಮೊದಲು ಸಿದ್ಧವಾದವು. ಬೀಟಾ-2 ಗ್ಲೈಕೊಪ್ರೋಟೀನ್ ಪ್ರತಿಕಾಯ ಅವುಗಳೊಳಗೆ ಸೇರಿದ್ದು 2006ರಲ್ಲಿ ಪ್ರಕಟವಾದ ಪರಿಷ್ಕರಣೆಯಲ್ಲಿ. 2023ರಲ್ಲಿ ಅಂಕಗಳನ್ನು ಆಧರಿಸಿದ ಹೊಸ ಮಾನದಂಡ ಬಂತು. ಪರೀಕ್ಷೆಯನ್ನು ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು, ಏಕೆಂದರೆ ಸೋಂಕಿನಿಂದಲೂ ಪ್ರತಿಕಾಯಗಳು ತಾತ್ಕಾಲಿಕವಾಗಿ ಏರುತ್ತವೆ. ನಳಿಕೆಯಲ್ಲಿ ಹೆಪ್ಪುಗಟ್ಟುವುದು ತಡವಾಗುವುದನ್ನು ಅಳೆಯುವ ಲೂಪಸ್ ಆಂಟಿಕೊಆಗ್ಯುಲಂಟ್ ಪರೀಕ್ಷೆಗೆ ಪ್ಲಾಸ್ಮಾವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬೇಗನೆ ಎರಡು ಸಲ ತಿರುಗಿಸಿ ಪ್ಲೇಟ್‌ಲೆಟ್ ತೆಗೆಯಬೇಕು. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ರಕ್ತ ತೆಗೆದು, ತಿರುಗಿಸದೆ ಹಾಗೇ ಮಂಡ್ಯಕ್ಕೋ ಮೈಸೂರಿಗೋ ಕಳಿಸಿದರೆ, ಇರುವ ಕಾಯಿಲೆಯೂ ಇಲ್ಲವೆಂದು ಬರಬಹುದು. ಎಲೈಸಾ ವಿಧಾನದ ಪ್ರತಿಕಾಯ ಪರೀಕ್ಷೆಗೆ ಈ ತೊಡಕು ಕಡಿಮೆ.

ಹೆಪ್ಪುಗಟ್ಟಿದವರಿಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆಯೇ ಇಂದಿಗೂ ಮುಖ್ಯ ಔಷಧ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಸೂಚಿಸುವ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗಳ ಬಲ ತಗ್ಗಿಸುತ್ತದೆ. ಮುದ್ದೆಯ ಜತೆ ಬಸ್ಸಾರು, ಮಸ್ಸೊಪ್ಪು ಉಣ್ಣುವ ಮಂಡ್ಯದ ಕಡೆಯವರು ಸೊಪ್ಪು ಬಿಡಬೇಕಿಲ್ಲ, ಒಂದು ವಾರ ಹೇರಳ, ಇನ್ನೊಂದು ವಾರ ಏನೂ ಇಲ್ಲ ಎಂಬಂತಾಗಬಾರದು ಅಷ್ಟೆ. ಪದೇ ಪದೇ ರಕ್ತಪರೀಕ್ಷೆ ಬೇಡದ ರಿವರೊಕ್ಸಬಾನ್ ಎಂಬ ಮಾತ್ರೆಯ ಮೇಲೆ ಆಸೆಯಿತ್ತು. ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್, ಲೂಪಸ್ ಆಂಟಿಕೊಆಗ್ಯುಲಂಟ್ ಈ ಮೂರೂ ಪ್ರತಿಕಾಯ ಪರೀಕ್ಷೆಗಳು ಪಾಸಿಟಿವ್ ಆದವರಲ್ಲಿ ನಡೆದ ಪ್ರಯೋಗದಲ್ಲಿ ವಾರ್ಫರಿನ್‌ಗಿಂತ ಹೆಚ್ಚು ಅನಾಹುತ ಕಂಡದ್ದರಿಂದ ಅದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಗರ್ಭಿಣಿಯರಿಗೆ ಆಸ್ಪಿರಿನ್ ಜತೆ ಹೆಪಾರಿನ್ ಕೊಡುತ್ತಾರೆ. 1997ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ಶೇ. 42ರಷ್ಟು ಗರ್ಭಗಳು ಉಳಿದರೆ, ಎರಡನ್ನೂ ಪಡೆದವರಲ್ಲಿ ಶೇ. 71ರಷ್ಟು ಉಳಿದವು.

ಇವೆಲ್ಲವೂ ಹೆಪ್ಪನ್ನು ತಡೆಯುವ ಔಷಧಗಳೇ ಹೊರತು ಪ್ರತಿಕಾಯವನ್ನಲ್ಲ. ಮೊದಲ ಖಂಡವನ್ನಷ್ಟೇ ಪ್ರಯೋಗಾಲಯದಲ್ಲಿ ತಯಾರಿಸಿ, ಪ್ರತಿಕಾಯಗಳು ಅದಕ್ಕೇ ಅಂಟಿಕೊಳ್ಳುವಂತೆ ಮಾಡುವ ಯತ್ನ ಇಲಿಗಳಲ್ಲಿ ಫಲ ಕೊಟ್ಟಿದೆ. ರೋಗಿಗಳ ಚಿಕಿತ್ಸೆಯಾಗಿ ಅದು ಇನ್ನೂ ಬಳಕೆಗೆ ಬಂದಿಲ್ಲ.